ನುಡಿಯದ ನಿಷಾದ

ನಾಟಕ ಕಂಪನಿ ಮುಚ್ಚಿದ ಮೇಲೆ ಹಾರ್ಮೋನಿಯಂ ಮಾಸ್ತರರಿಗೆ ಉಳಿದದ್ದು ಮೂಗಿನ ತುದಿಯ ಸಿಟ್ಟು ಮತ್ತು ಒಬ್ಬಳೇ ಶಿಷ್ಯೆ. ತಿಂಗಳಿಂದ ಪಾಠಕ್ಕೆ ಬರುತ್ತಿದ್ದ ಆ ಹುಡುಗಿಯ ಬೆರಳಲ್ಲಿ ತಮ್ಮದೇ ಚುರುಕು ಕಂಡು ಒಳಗೊಳಗೇ ಹಿಗ್ಗಿದ್ದರು. ಆದರೆ ಮೇಲಿನ ಷಡ್ಜಕ್ಕೆ ಏರುವಾಗೆಲ್ಲ ಅವಳು ನಿಷಾದವನ್ನು ಬಿಟ್ಟು ಹಾರುತ್ತಿದ್ದಳು.

ಇಂದು ಮಾಸ್ತರರು ನೆಲಕ್ಕೆ ಕೈ ಅಪ್ಪಳಿಸಿದರು. "ಮತ್ತ ನಿಷಾದ ನುಂಗಿದಿ! ಬೆರಳಿಗೆ ಏನ್ ಧಾಡಿ?"

"ರೂಢಿ ಆಗೇದರಿ. ನಮ್ಮನಿ ಹಾರ್ಮೋನಿಯಂ ಪೇಟಿಯೊಳಗ ಅದೊಂದು ಸ್ವರ ಏಳಂಗಿಲ್ಲ."

"ಯಾಕ?"

"ನಾ ತೊಟ್ಟಿಲದಾಗ ಇದ್ದಾಗ ಆ ಪೇಟಿ ಎತ್ತಿ ಒಗದಿದ್ರಂತ."

"ಪೇಟಿ ಒಗದವ ಮನುಷ್ಯಾ ಏನ? ಅವನ ಕೈ ಮುರದು ಹೋಗ್ಲಿ!"

ಹುಡುಗಿ ಹಾರ್ಮೋನಿಯಂ ಮುಚ್ಚಿ ಎದ್ದು ನಿಂತಳು.

"ಅದನ್ನ ಅವ್ವನ ಮ್ಯಾಲೆ ಒಗದು ಮನಿ ಬಿಟ್ಟು ಹೋದವರು ನೀವ, ಅಪ್ಪಾ."