ಇಲ್ಲದ ಬೆರಳುಗಳ ಚಳಿ

ಬಂದರಿನ ಐಸ್ ಪ್ಲಾಂಟಿನಲ್ಲಿ ಐಸ್‌ಗಡ್ಡೆ ಪುಡಿ ಮಾಡುವ ಯಂತ್ರದ ಮುಚ್ಚಳವನ್ನು, ಕೆಲಸ ನಿಧಾನವಾಗುತ್ತದೆಂದು ಧಣಿ ತೆಗೆಸಿಟ್ಟಿದ್ದರು. ಯಂತ್ರವು ಅಲ್ಲಿ ಕೆಲಸಕ್ಕಿದ್ದ ಪದ್ದುವಿನ ಬಲಗೈಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಿತು. ರಕ್ತ ಬಿದ್ದ ಆ ಐಸನ್ನೂ ಚೆಲ್ಲಲಿಲ್ಲ, ಬೋಟಿಗೆ ತುಂಬಿದರು.

ಈಗ ನಾವುಂದ ಊರಿನ ಮನೆಯ ಜಗಲಿಯಲ್ಲಿ, ಉರಿಬಿಸಿಲಿನ ಹೊತ್ತಲ್ಲೂ, ಇಲ್ಲದ ಆ ಬೆರಳುಗಳು ಚಳಿಗೆ ಮರಗಟ್ಟುತ್ತಿದ್ದವು. ಪಿಯುಸಿ ಓದುವ ಮಗಳು ಮೋಕ್ಷಿತಾ ಅಮ್ಮನ ಮೊಂಡುಗೈಯನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು.

“ನರಕೋಶಕ್ಕೆ ಉದ್ದದ ಎಳೆ ಇರ್ತ್ ಅಮ್ಮ. ತುದಿ ಕಡ್ದ್ರೂ ಬುಡ ಬದ್ಕಿರ್ತ್. ಒಂದ್ ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸಿ ಮಿದುಳಿಗೆ ಮುಟ್ಟಿಸ್ತಾ ಇರ್ತ್.”

“ಕೈ ಹೋದ ಸುದ್ದಿ ಮಾತ್ರ ಅದ್ಕೆ ಯಾರೂ ಹೇಳ್ಲಿಲ್ಯಾ?”

ಪ್ಲಾಂಟಿನ ಮೇಸ್ತ್ರಿ ಯತೀಶ್ ಅಂಗಳದಲ್ಲಿ ಚಪ್ಪಲಿ ಬಿಟ್ಟು ಬಂದು ಜಗಲಿಯಲ್ಲಿ ಕೂತ. “ಹ್ವಾಯ್ ಪದ್ದಕ್ಕ, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬತ್ತಾ ಇದ್ರ್. ಮುಚ್ಚಳ ಇದ್ದಿತ್ತ್, ನಾನೇ ತೆಗ್ದೆ ಅಂದೇಳಿ ನೀವ್ ಹೇಳಿ, ಸಾಕ್. ಧಣಿ ಮೋಕ್ಷಿತಾಗೆ ನಿಮ್ಮ ಜಾಗದಲ್ಲೇ ಕೆಲ್ಸ ಕೊಡ್ತ್ರ್.”

“ಈಗ ಮುಚ್ಚಳ ಹಾಕಿದ್ರಾ?”

“ಹಾಕುವ ಮಾರಾಯ್ತಿ, ಸೀಸನ್ ಒಂದ್ ಮುಗೀಲಿ.”

ಇಲ್ಲದ ಐದು ಬೆರಳೂ ಒಮ್ಮೆಗೇ ಮಡಚಿ ಮುಷ್ಟಿಯಾದವು. ಇಲ್ಲದ ಅಂಗೈಗೆ ಉಗುರು ನಾಟಿದ ನೋವಿಗೆ ಪದ್ದುವಿನ ಕಣ್ಣಲ್ಲಿ ನೀರು ಬಂತು. ಯತೀಶ್ ಅದನ್ನು ಒಪ್ಪಿಗೆಯೆಂದು ತಿಳಿದು ಎದ್ದು ನಿಂತ. ಅವಳು ಎಡಗೈಯಿಂದ ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

“ಇನ್‌ಸ್ಪೆಕ್ಟರನ್ನ ಕರ್ಕಂಡ್ ಬಾ ಯತೀಶಾ. ನಾ ಹಾಂಗೆ ಹೇಳ್ತಿಲ್ಲೆ.”