ಎಡಗಾಲಿನ ಬಾವು

ಬೆಳಿಗ್ಗೆ ಏಳೂಕಾಲಿಗೆ ನಿಕೊಲಾಸಾಳ ಎಡಗಾಲು ಊದಿಕೊಂಡಿತ್ತು. ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎತ್ತರದ ಪರ್ವತದ ಮೇಲಿನ ಊರು ಎಲ್ ಆಲ್ಟೊದ ಮನೆಗೆ ಬಂದು ಆರು ದಿನವಾಗಿತ್ತು. ಗಂಡ ಸೆವೆರಿನೊ, ಲಾಮಾ ಎಂಬ ಪ್ರಾಣಿಯ ಕೊಬ್ಬು ಬಿಸಿ ಮಾಡಿ ಅವಳ ಮೀನಖಂಡ ತಿಕ್ಕುತ್ತಿದ್ದ.

"ಮೆಲ್ಲಗೆ ಕಣಯ್ಯ, ಹಿಟ್ಟು ನಾದ್ತಿದೀಯಾ?" ಎಂದಳು. "ಇನ್ಮೇಲೆ ಮಿನಿಬಸ್ಸಲ್ಲಿ ನಂಗೂ ಒಂದೇ ಸೀಟು ಸಾಕು, ನೋಡ್ತಿರು."

ಹೊಲಿಗೆ ನೋಡಲು ಬಂದ ನರ್ಸ್ ಅಪಾಸಾ ಅವನ ಮಣಿಕಟ್ಟು ಹಿಡಿದಳು. "ಕೈ ತೆಗೀರಿ, ಸೆವೆರಿನೊ ಅವ್ರೇ. ಇಷ್ಟು ಎತ್ತರದಲ್ಲಿ ನಮ್ ರಕ್ತನೇ ಗಟ್ಟಿ. ಆಪರೇಷನ್ ಆದ್ಮೇಲೆ ಕಾಲಲ್ಲಿ ಹೆಪ್ಪುಗಟ್ಟತ್ತೆ. ತಿಕ್ಕಿದ್ರೆ ಅದು ಕಿತ್ಕೊಂಡು ಎದೆಗೆ ಹೋಗಬಹುದು."

"ಅರ್ಧ ಗಂಟೆಯಿಂದ ತಿಕ್ತಿದೀನಲ್ಲ, ಸಿಸ್ಟರ್."

ನರ್ಸ್ ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಸೆವೆರಿನೊ ಕೊಬ್ಬು ಮೆತ್ತಿದ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತ. ಆಂಬುಲೆನ್ಸ್ ಬರುವ ಮೊದಲೇ ನಿಕೊಲಾಸಾ ಎದೆ ಹಿಡಿದುಕೊಂಡು ಕೆಮ್ಮತೊಡಗಿದಳು.