ಹಳ್ಳದ ತಿರುವಿನ ಸದ್ದು

ಹಳ್ಳದ ತಿರುವಿನಲ್ಲಿ ಡೀಸೆಲ್ ಗಾಡಿ ಗುಡುಗಿತು. ಸುರೇಖಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಬಂದ್ರು. ಹಿತ್ತಲಿಂದ ಹೋಗ್ರಿ," ಎಂದಳು ಎದುರು ಕುಳಿತವನಿಗೆ.

ಅವನು ಕೊನೆಯ ತುತ್ತು ಮುಗಿಸಿದ, ಕೈ ತೊಳೆದ, ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಪಿಕಪ್ ಅಂಗಳಕ್ಕೆ ಬರುವಷ್ಟರಲ್ಲಿ ತಟ್ಟೆಯೂ ತೊಳೆದಾಗಿತ್ತು. ಗಂಡ ಕೊಟ್ರೇಶ ಇಳಿದ. ಜೊತೆಗೆ ಕುಷ್ಟಗಿಯ ಮೆಕ್ಯಾನಿಕ್ ನೂರಸಾಬನೂ ಇದ್ದ. ಇಬ್ಬರಿಗೂ ಬಡಿಸುವಾಗ ಸುರೇಖಾಳಿಗೆ ಗಂಡನ ಮುಖ ನೋಡಲಾಗಲಿಲ್ಲ.

ಮದುವೆಯಾದಾಗಿನಿಂದ ಕೊಟ್ರೇಶ ಅವಳ ಮೇಲೆ ಕೈ ಎತ್ತಿದವನಲ್ಲ. ಆದರೆ ಹಟಕ್ಕೆ ಬಿದ್ದರೆ ಜಗ್ಗುವ ಜಾತಿಯೂ ಅಲ್ಲ. ಬದುವಿನ ಜಗಳದಲ್ಲಿ ಅಣ್ಣ ದೊಡ್ಡಬಸಪ್ಪ ಕೊಡಲಿ ಎತ್ತಿದ್ದಕ್ಕೆ, ನೇರ ಹುಲಿಗಿಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು, ಸಾಯುವ ತನಕ ಅವನ ಮಾರಿ ನೋಡೆನೆಂದು ಹುಲಿಗೆಮ್ಮನ ಮುಂದೆ ಆಣೆ ಇಟ್ಟು ಬಂದಿದ್ದ. ಒಂದೇ ಊರಿನಲ್ಲಿದ್ದೂ ಅತ್ತಿಗೆ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ. ಅಂಥವನಿಗೆ ಈ ಮಧ್ಯಾಹ್ನಗಳ ಗುಟ್ಟು ತಿಳಿದರೆ ತನ್ನನ್ನು ತವರಿಗೆ ಅಟ್ಟುವುದು ಖಂಡಿತ ಎಂದು ಸುರೇಖಾ ಹೆದರಿದ್ದಳು. ಮೊನ್ನೆ ಓಣಿಯ ಪಂಪಮ್ಮ, "ನಿಮ್ಮ ಹಿತ್ತಲದಾಗ ಗಂಡಸಿನ ಹೆಜ್ಜಿ ಅದಾವಲ್ಲವಾ," ಎಂದು ನಕ್ಕಿದ್ದೂ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹಳೆಯ ಪೆಟ್ರೋಲ್ ಎಂಜಿನ್ ಇದ್ದಾಗ ಗಾಡಿ ಬೆಕ್ಕಿನಂತೆ ಬರುತ್ತಿತ್ತು. ಒಮ್ಮೆ ಸಿಕ್ಕಿಬೀಳುವುದೊಂದೇ ಬಾಕಿ. ಅವನು ಅರ್ಧ ಊಟ ಬಿಟ್ಟು ಹಿತ್ತಲ ಗೋಡೆ ದಾಟಿದ್ದ. ವಲ್ಲಿ ಅಲ್ಲೇ ಉಳಿದಿತ್ತು. ಕೊಟ್ರೇಶ ಅದನ್ನು ಎತ್ತಿಕೊಂಡ. ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಯನ್ನೂ ನೋಡಿದ.

"ಯಾರ್ದಿದು?"

"ಬಳಿಗಾರ ಬಂದಿದ್ದ ರೀ. ಮರ್ತು ಹೋಗ್ಯಾನ."

ಕೊಟ್ರೇಶ ಬಹಳ ಹೊತ್ತು ಆ ವಲ್ಲಿಯನ್ನೇ ನೋಡಿದ. ಆಮೇಲೆ ಮಡಚಿ ಹಿತ್ತಲ ಗೋಡೆಯ ಮೇಲಿಟ್ಟ. "ಮರ್ತವ್ರು ಬಂದು ತಗೊಂಡು ಹೋಗ್ಲಿ."

ಮರುದಿನವೇ ಗಾಡಿ ನೂರಸಾಬನ ಗ್ಯಾರೇಜು ಸೇರಿತು. ಗುಜರಿ ಜೀಪೊಂದರ ಡೀಸೆಲ್ ಎಂಜಿನ್ ತಂದು, ಅದು ಕೂರುವ ಕಬ್ಬಿಣದ ಕಟ್ಟನ್ನು ಹೊಸದಾಗಿ ಬೆಸೆದು, ಗೇರ್ ಬಾಕ್ಸಿಗೆ ಹೊಂದಿಸಿದರು. ಪೆಟ್ರೋಲ್ ಹಾಕಿಸಿ ದಾಳಿಂಬೆ ಸಾಗಿಸಿದರೆ ಬಾಡಿಗೆ ಗಿಟ್ಟುವುದಿಲ್ಲ ಎಂದು ಕೊಟ್ರೇಶ ಊರಿಗೆಲ್ಲ ಹೇಳಿದ. ಸುರೇಖಾಳಿಗೆ ಆ ಸದ್ದು ವರವಾಯಿತು. ವರವೆನ್ನಲೂ ನಾಚಿಕೆ. ಗಂಡ ಬೆವರು ಸುರಿಸಿ ಕೂರಿಸಿದ ಎಂಜಿನ್ನೇ ಅವನಿಗೆ ಮೋಸ ಮಾಡಲು ನೆರವಾಗುತ್ತಿತ್ತು.

ಈಗ ಊಟ ಮುಗಿಸಿದ ನೂರಸಾಬ ಗಾಡಿಯ ಅಡಿಗೆ ತೂರಿ ನೋಡಿ ಹೊರಬಂದ.

"ಸೈಲೆನ್ಸರ್ ತೂತಾಗೈತ್ರಿ ಅಕ್ಕಾರ. ಹೊಸಾದು ತಂದೀನಿ, ಹಾಕ್ತೀನಿ ಅಂದ್ರ ಈ ಮನಷ್ಯಾ ಒಲ್ಲೆ ಅಂತಾನ. ಹಾಕಿದ್ರ ಹಳ್ಳದಾಗಿನ ಸದ್ದು ಇಲ್ಲಿಗೆ ಕೇಳಾಂಗಿಲ್ಲ. ನೀವರ ಹೇಳ್ರಿ."

ಸುರೇಖಾ ಕಂಬ ಹಿಡಿದು ನಿಂತಳು. ಬೇಡ ಅಂದರೆ ಗುಟ್ಟು ಉಳಿಯುತ್ತದೆ. ಆದರೆ ಉಣ್ಣುವ ಗಂಡನೆದುರು ದಿನಾ ತಲೆ ತಗ್ಗಿಸಿ ನಿಲ್ಲುವುದು ಸಾಕಾಗಿತ್ತು. ಸಿಕ್ಕಿಬಿದ್ದರೆ ಬೀಳಲಿ, ಈ ಕಳ್ಳತನವಾದರೂ ಮುಗಿಯುತ್ತದೆ.

"ಹಾಕ್ರಿ," ಎಂದಳು.

ನೂರಸಾಬ ಸಾಮಾನು ಇಳಿಸಲು ಗಾಡಿಯ ಹಿಂದಕ್ಕೆ ಹೋದ. ಕೊಟ್ರೇಶ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ತಲೆ ಎತ್ತಲಿಲ್ಲ. ದನಿ ಅವಳಿಗಷ್ಟೇ ಕೇಳುವಂತಿತ್ತು.

"ಬ್ಯಾಡ ಸುರೇಖಾ. ಆಣಿ ಮುರಿಯಾಕ ನನಗ ಆಗೂದಿಲ್ಲ; ಹಳ್ಳದಿಂದನ ಸದ್ದು ಕೇಳಿದ್ರ, ಅಣ್ಣ ಹೊಟ್ಟಿ ತುಂಬ ಉಂಡು ಹೋಗಾಕ ಹೊತ್ತು ಸಿಗತೈತಿ."